ಪತ್ರಾಸ್ ಖೋಲಿಯ ಕಾವು ತಡೆಯಲು ರದ್ದಿ ಪೇಪರ್: ಮನೆಯಲ್ಲೇ ಮಾಡುವ ವಿಧಾನ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗಿಯಿತು. ಆಮೇಲೆ ರಸ್ತೆ ಖಾಲಿ, ಎಲ್ಲರೂ ಮನೆ ಸೇರುತ್ತಾರೆ. ಆದರೆ ತಲೆ ಮೇಲೆ ಪತ್ರಾಸ್, ಅಂದರೆ ತಗಡಿನ ಚಾವಣಿ, ಇರುವವರು ಮನೆ ಸೇರಿ ಏನು ಮಾಡಬೇಕು? ನಮ್ಮ ಮನೆಯ ಮೇಲೆ 10 ಅಡಿಗೆ 12 ಅಡಿಯ ಒಂದು ಖೋಲಿ ಇದೆ. ತಮ್ಮ ಓದುವುದು, ಮಲಗುವುದು ಎಲ್ಲ ಅಲ್ಲೇ. ಮಧ್ಯಾಹ್ನ ಮೂರರ ಹೊತ್ತಿಗೆ ಫ್ಯಾನ್ ಹಾಕಿದರೆ ಒಲೆ ಮುಂದೆ ಕೂತ ಹಾಗೆ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮಂಚದ ಕಬ್ಬಿಣ ಮುಟ್ಟಲು ಆಗುತ್ತಿರಲಿಲ್ಲ.

ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ತಾಪತ್ರಯ ಇರಲಿಲ್ಲ. ತೊಲೆ, ಹಲಗೆ, ಅದರ ಮೇಲೆ ದಪ್ಪಗೆ ಮಣ್ಣು. ಹೊರಗಿನ ಕಾವು ಒಳಗೆ ಇಳಿಯುವಷ್ಟರಲ್ಲಿ ಸಂಜೆ ಆಗಿರುತ್ತಿತ್ತು. ಈಗ ಅಂಥ ಮಾಳಿಗೆ ಕಟ್ಟುವವರೂ ಇಲ್ಲ, ವರ್ಷ ವರ್ಷ ಅದಕ್ಕೆ ಮಣ್ಣು ಹಾಕುವವರೂ ಇಲ್ಲ. ಹಾಗಾಗಿ ಪತ್ರಾಸ್ ಕೆಳಗೆ ಏನಾದರೂ ಹಗುರವಾದದ್ದನ್ನು ತುಂಬಬೇಕು ಅಂತ ಹುಡುಕಿದೆ. ಕೊನೆಗೆ ಹಿಡಿದದ್ದು ರದ್ದಿ ಪೇಪರ್. ಎರಡು ಬೇಸಿಗೆ ಕಳೆದಿದೆ, ಖೋಲಿ ಈಗ ಬಳಕೆಗೆ ಬರುತ್ತಿದೆ. ಮಾಡಿದ ರೀತಿ, ತಪ್ಪಿದ ಜಾಗ, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಪೇಪರ್ ಹೇಗೆ ಕಾವು ತಡೆಯುತ್ತದೆ

ಕೆಲಸ ಮಾಡುವುದು ಪೇಪರ್‌ಗಿಂತ ಹೆಚ್ಚಾಗಿ ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲ್ಲಾಡದೆ ನಿಂತ ಗಾಳಿಯ ಮೂಲಕ ಕಾವು ಬಹಳ ನಿಧಾನ ಹರಿಯುತ್ತದೆ. ಕೌದಿಯೊಳಗೆ ಬೆಚ್ಚಗಿರುವುದೂ ಇದೇ ಕಾರಣಕ್ಕೆ. ಹಿಂಜಿದ ಹತ್ತಿಯ ಹಾಗೆ ಪೇಪರನ್ನು ಹಗುರ ಮಾಡಿದರೆ ಅದು ಕಾವು ಸಾಗಿಸುವ ಪ್ರಮಾಣ ಮೀಟರ್-ಡಿಗ್ರಿ ಲೆಕ್ಕದಲ್ಲಿ ಸುಮಾರು 0.04 ವ್ಯಾಟ್. ಅಂಗಡಿಯಲ್ಲಿ ಸಿಗುವ ಗ್ಲಾಸ್ ವುಲ್, ಥರ್ಮಾಕೋಲ್ ಕೂಡ ಹೆಚ್ಚುಕಡಿಮೆ ಇಷ್ಟೇ. ಆರ್‌ಸಿಸಿ ಸ್ಲ್ಯಾಬ್ ಇದರ ಮೂವತ್ತು ನಲವತ್ತು ಪಟ್ಟು ಜಾಸ್ತಿ ಸಾಗಿಸುತ್ತದೆ.

ನಮ್ಮ ಖೋಲಿಗೆ ಒಂದು ಲೆಕ್ಕ ಹಾಕೋಣ. ಪತ್ರಾಸ್ 60 ಡಿಗ್ರಿ ಕಾದಿದೆ, ಒಳಗೆ 35 ಡಿಗ್ರಿ ಇದೆ ಅಂತ ಇಟ್ಟುಕೊಳ್ಳಿ. ಬರೀ ಪತ್ರಾಸ್ ಇದ್ದರೆ 120 ಚದರ ಅಡಿಯಿಂದ 1,500 ವ್ಯಾಟ್‌ಗೂ ಜಾಸ್ತಿ ಕಾವು ಕೆಳಗೆ ಬರುತ್ತದೆ. ಅಂದರೆ ಮೇ ತಿಂಗಳಲ್ಲಿ ದೊಡ್ಡ ಹೀಟರ್ ಹಚ್ಚಿಕೊಂಡು ಕೂತ ಹಾಗೆ. ನಡುವೆ ನಾಲ್ಕು ಇಂಚು ಪೇಪರ್ ಅರಳೆ, ಅಂದರೆ ಹಿಂಜಿದ ಪೇಪರ್, ಇದ್ದರೆ ಅದೇ ಕಾವು ಸುಮಾರು 100 ವ್ಯಾಟ್‌ಗೆ ಇಳಿಯುತ್ತದೆ. ಒಂದು ಹಳೆ ಕಾಲದ ಬಲ್ಬಿನಷ್ಟು. ಗೋಡೆ, ಕಿಟಕಿಯಿಂದ ಬರುವ ಸೆಕೆ ಇದ್ದೇ ಇರುತ್ತದೆ. ಆದರೆ ನೆತ್ತಿ ಮೇಲೆ ಬೆಂಕಿ ಇಟ್ಟ ಹಾಗಿನ ಆ ಕಾವು ನಿಲ್ಲುತ್ತದೆ.

ಪೇಪರ್ ಮುಟ್ಟುವ ಮುಂಚೆ ಚಾವಣಿ

ಪತ್ರಾಸ್ ಸೋರುತ್ತಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಒದ್ದೆಯಾದ ಪೇಪರ್ ಕಾವು ತಡೆಯುವುದಿಲ್ಲ, ಬೂಸಲು ಹಿಡಿಯುತ್ತದೆ, ಭಾರವಾಗಿ ಕೆಳಗಿನ ಬೋರ್ಡನ್ನೂ ಬೀಳಿಸುತ್ತದೆ. ಮೊದಲು ಮೇಲೆ ಹತ್ತಿ ಒಂದೊಂದು ಸ್ಕ್ರೂ ನೋಡಿ. ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಬಿರಿದಿರುತ್ತದೆ, ಸೋರುವುದು ಹೆಚ್ಚಾಗಿ ಅಲ್ಲಿಂದಲೇ. ವಾಷರ್ ಬದಲಿಸಿ. ಬಕೆಟ್ ನೀರು ಸುರಿದು ಒಳಗೆ ಒಬ್ಬರನ್ನು ನಿಲ್ಲಿಸಿ ನೋಡಿ. ಅದು ಮುಗಿದ ಮೇಲೆ ಪತ್ರಾಸ್‌ಗೆ ಬಿಳಿ ರೂಫ್ ಪೇಂಟ್ ಹೊಡೆಯಿರಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಪತ್ರಾಸ್ ಕಾಯುವುದೇ ಕಡಿಮೆ ಆಗುತ್ತದೆ. ಈ ವರ್ಷ ಒಂದೇ ಕೆಲಸಕ್ಕೆ ಹಣ ಇದೆ ಅಂದರೆ ಪೇಂಟನ್ನೇ ಮಾಡಿಸಿ, ಪೇಪರ್ ಮುಂದಿನ ವರ್ಷಕ್ಕಿರಲಿ.

ಆರ್‌ಸಿಸಿ ಮನೆಯವರು ಸ್ಲ್ಯಾಬಿನ ಮೇಲೆ ಪೇಪರ್ ಹಾಸುವ ಯೋಚನೆ ಮಾಡಬೇಡಿ. ಹೊರಗೆ ಅದು ಒಂದು ಮಳೆಗಾಲ ತಡೆಯುವುದಿಲ್ಲ. ಅವರಿಗೆ ಸುಣ್ಣವೇ ಸಾಕು, ಎರಡು ಕೋಟ್.

ಯಾವ ಪೇಪರ್, ಎಷ್ಟು

ಸುದ್ದಿ ಪತ್ರಿಕೆ ಎಲ್ಲಕ್ಕಿಂತ ಒಳ್ಳೆಯದು. ತೆಳು, ಮೆತ್ತಗೆ, ಬೇಗ ಹಿಂಜುತ್ತದೆ. ಹಳೆ ನೋಟ್‌ಬುಕ್ ಹಾಳೆಯೂ ಆಗುತ್ತದೆ, ಪಿನ್ ಕಿತ್ತು ತೆಗೆಯಬೇಕು ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಮಕ್ಕಳ ನೋಟ್‌ಬುಕ್ ರದ್ದಿ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತವೆ. ಬಿಸಿಲೂ ಅದೇ ಹೊತ್ತಿಗೆ ಏರುವುದರಿಂದ ಕೆಲಸಕ್ಕೆ ಅದೇ ಸರಿಯಾದ ಸಮಯ.

ಹೊಳೆಯುವ ಕ್ಯಾಲೆಂಡರ್, ಮದುವೆ ಕಾರ್ಡ್, ಬಣ್ಣದ ಮ್ಯಾಗಜೀನ್ ಬೇಡ. ಮೇಲಿನ ಲೇಪದಿಂದಾಗಿ ಅವು ಬೆಂಕಿ ತಡೆಯುವ ಮದ್ದಿನ ನೀರು ಹೀರುವುದಿಲ್ಲ. ಅಂಗಡಿ ಬಿಲ್ಲು, ಎಟಿಎಂ ಚೀಟಿ ಬೇಡ, ಆ ಕಾಗದದ ಮೇಲಿನ ರಾಸಾಯನಿಕ ಒಳ್ಳೆಯದಲ್ಲ. ಮಿರ್ಚಿ ಭಜಿ ಕಟ್ಟಿದ ಎಣ್ಣೆ ಪೇಪರ್ ಅಂತೂ ಖಂಡಿತ ಬೇಡ. ಎಣ್ಣೆ ಬೆಂಕಿಗೂ ಬೇಕು, ಇಲಿಗೂ ಬೇಕು.

120 ಚದರ ಅಡಿಗೆ ನಾಲ್ಕು ಇಂಚು ತುಂಬಲು ಸುಮಾರು 38 ಕೆಜಿ ಪೇಪರ್ ಬೇಕು. 12 ಪುಟದ ಪತ್ರಿಕೆ ತೂಗಿ ನೋಡಿದರೆ 50 ಗ್ರಾಂ ಆಸುಪಾಸು ಬರುತ್ತದೆ. ಅಂದರೆ ದಿನಕ್ಕೊಂದು ಪೇಪರ್ ತರಿಸುವ ಎರಡು ಮನೆಗಳ ಒಂದು ವರ್ಷದ ರದ್ದಿ. ನಾನು ಅರ್ಧ ಮನೆಯಲ್ಲೇ ಕೂಡಿಟ್ಟೆ, ಅರ್ಧ ಅಂಗಡಿಯಿಂದ ಕೊಂಡೆ.

ಮದ್ದಿನ ನೀರು: ಇದನ್ನು ಬಿಡುವ ಹಾಗೇ ಇಲ್ಲ

ಒಣ ಪೇಪರನ್ನು ಹಿಂಜಿ ಚಾವಣಿಗೆ ತುಂಬುವುದು ಅಂದರೆ ತಲೆ ಮೇಲೆ ಒಣ ಹುಲ್ಲಿನ ಬಣವೆ ಇಟ್ಟ ಹಾಗೆ. 1970ರ ದಶಕದಲ್ಲಿ ಪೆಟ್ರೋಲ್, ಡೀಸೆಲ್ ಬೆಲೆ ಏರಿದಾಗ ಅಮೆರಿಕದಲ್ಲಿ ಮನೆಗಳಿಗೆ ಪೇಪರ್ ಅರಳೆ ತುಂಬುವುದು ಜೋರಾಯಿತು. ಸರಿಯಾಗಿ ಮದ್ದು ಹಾಕದ ಸರಕೂ ಮಾರುಕಟ್ಟೆಗೆ ಬಂತು. ಬೆಂಕಿಯ ಭಯ ಹೆಚ್ಚಿ 1978ರಲ್ಲಿ ಅದಕ್ಕಾಗಿಯೇ ಅಲ್ಲಿ ಕಾನೂನು ಮಾಡಬೇಕಾಯಿತು. ಇವತ್ತು ಕಾರ್ಖಾನೆಯಲ್ಲಿ ಮಾಡುವ ಪೇಪರ್ ಅರಳೆಯಲ್ಲೂ ತೂಕದಲ್ಲಿ ನೂರಕ್ಕೆ 15ರಿಂದ 20 ಪಾಲು ಬೆಂಕಿ ತಡೆಯುವ ಉಪ್ಪು ಇರುತ್ತದೆ.

ಬೇಕಾಗುವುದು ಎರಡು ಪುಡಿ. ಒಂದು ಬಿಳಿಗಾರ, ಅಂದರೆ ಬೊರಾಕ್ಸ್. ಪತ್ತಾರರು ಬಂಗಾರ ಬೆಸೆಯಲು ಬಳಸುವ ಸುಹಾಗಾ ಇದೇ. ಇನ್ನೊಂದು ಬೋರಿಕ್ ಪುಡಿ, ಕೇರಂ ಬೋರ್ಡಿಗೆ ಉದುರಿಸುತ್ತಾರಲ್ಲ, ಅದು. ಸಣ್ಣ ಡಬ್ಬಿಗಳಲ್ಲಿ ಕೊಂಡರೆ ದುಬಾರಿ. ಕೆಮಿಕಲ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತನ್ನಿ.

ಎರಡೂ ಯಾಕೆ ಬೇಕು ಅನ್ನುವುದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲ ಸಲ ಬಿಳಿಗಾರ ಮಾತ್ರ ಸಿಕ್ಕಿತ್ತು. ಅದನ್ನಷ್ಟೇ ಹಾಕಿ ಒಂದು ಕೆಜಿ ಮಾಡಿದೆ. ಅಂಗಳದ ಫರ್ಸಿ ಮೇಲೆ ಒಂದು ಬೊಗಸೆ ಇಟ್ಟು ಲೈಟರ್ ಹಿಡಿದೆ. ಉರಿ ಹತ್ತಿದ ಹಾಗೆ ಮಾಡಿ ಆರಿಹೋಯಿತು. ಖುಷಿಯಾಗಿ ಚಹಾ ಕುಡಿಯಲು ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಅಂಗಳದಿಂದ ಅವ್ವ ಕೂಗಿದಳು, "ತಮ್ಮಾ, ಹೊಗಿ ಇನ್ನಾ ಬರ್ಲಾಕತ್ತದ ನೋಡು." ಬಂದು ನೋಡಿದರೆ ಮೇಲೆ ಏನೂ ಇಲ್ಲ. ಕಡ್ಡಿಯಿಂದ ಕೆದಕಿದೆ. ಒಳಗೆ ಕೆಂಪು ಗೆರೆಯೊಂದು ಸದ್ದಿಲ್ಲದೆ ತೆವಳುತ್ತಿತ್ತು. ಅರ್ಧ ಬೊಗಸೆ ಆಗಲೇ ಬೂದಿಯಾಗಿತ್ತು. ಅದು ಚಾವಣಿಯಲ್ಲಿ ಆಗಿದ್ದರೆ ರಾತ್ರಿ ತಮ್ಮನಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ದಿನ ಮೈ ಜುಮ್ಮೆಂದದ್ದು ಇನ್ನೂ ನೆನಪಿದೆ. ಬಿಳಿಗಾರ ಉರಿಯನ್ನು ತಡೆಯುತ್ತದೆ, ಒಳಗೊಳಗೇ ಹರಿಯುವ ಕೆಂಡವನ್ನು ತಡೆಯುವುದು ಬೋರಿಕ್ ಪುಡಿ. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಕೆಲಸ ಅರ್ಧವೇ.

ಅಳತೆ ಹೀಗೆ: ಒಂದು ಕೆಜಿ ಪೇಪರ್‌ಗೆ 100 ಗ್ರಾಂ ಬೋರಿಕ್ ಪುಡಿ, 100 ಗ್ರಾಂ ಬಿಳಿಗಾರ, ಒಂದು ಲೀಟರ್ ನೀರು. 38 ಕೆಜಿಗೆ ಎರಡೂ ಪುಡಿ ತಲಾ 3.8 ಕೆಜಿ. ತಣ್ಣೀರಿನಲ್ಲಿ ಇಷ್ಟು ಪುಡಿ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ನೀರು ಕುದಿಯುವ ಮಟ್ಟಕ್ಕೆ ಬಂದಾಗ ಇಳಿಸಿ, ಎರಡನ್ನೂ ಹಾಕಿ ಕಡ್ಡಿಯಿಂದ ತಿರುವಿ. ನೀರು ತಿಳಿಯಾಗಬೇಕು. ತಣ್ಣಗಾಗಲು ಬಿಡದೆ ಬಳಸಿ.

ಈ ಪುಡಿಗಳು ಹೊಟ್ಟೆಗೆ ಹೋಗಬಾರದು. ಇದಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ. ಚಿಕ್ಕ ಮಕ್ಕಳು, ಬಸುರಿಯರು ಈ ಕೆಲಸದ ಹತ್ತಿರ ಬರುವುದು ಬೇಡ. ಪುಡಿಯ ಚೀಲದ ಮೇಲೆ ಹೆಸರು ಬರೆದಿಡಿ. ನೋಡಲು ಥೇಟ್ ಉಪ್ಪು, ಸಕ್ಕರೆ ಹಾಗೇ ಇರುತ್ತದೆ.

ಯಾರಾದರೂ "ಅಮೋನಿಯಂ ಸಲ್ಫೇಟ್ ಗೊಬ್ಬರ ಹಾಕು, ಅಗ್ಗ" ಅಂದಾರು. ನನಗೂ ಹೇಳಿದ್ದರು. ಅದೂ ಬೆಂಕಿ ತಡೆಯುತ್ತದೆ ನಿಜ. ಆದರೆ ತೇವ ತಗುಲಿದರೆ ಕಬ್ಬಿಣ, ತಗಡು ತಿನ್ನುತ್ತದೆ, ವಾಸನೆಯೂ ಬರುತ್ತದೆ. ಪತ್ರಾಸ್ ಕೆಳಗೆ ಅದು ಬೇಡವೇ ಬೇಡ.

ಹರಿದು, ನೆನೆಸಿ, ಒಣಗಿಸಿ, ಹಿಂಜುವುದು

ಪೇಪರನ್ನು ಎರಡು ಇಂಚಿನ ಪಟ್ಟಿಗಳಾಗಿ ಹರಿಯಿರಿ. ಪತ್ರಿಕೆ ಉದ್ದಕ್ಕೆ ಸಲೀಸಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕು. ಸಂಜೆ ಮನೆಯವರೆಲ್ಲ ಕೂತು ಹರಿದರೆ ಗಂಟೆಗೆ ಮೂರ್ನಾಲ್ಕು ಕೆಜಿ ಆಗುತ್ತದೆ.

ಅಗಲವಾದ ಟಬ್ಬಿನಲ್ಲಿ ಎರಡು ಕೆಜಿ ಪಟ್ಟಿ ಹಾಕಿ. ಬಿಸಿ ಮದ್ದಿನ ನೀರನ್ನು ಮಗ್ಗಿನಿಂದ ಸುತ್ತಲೂ ಸುರಿಯುತ್ತಾ ಕೋಲಿನಿಂದ ಮೇಲೆ ಕೆಳಗೆ ಮಾಡಿ. ಎರಡು ಕೆಜಿಗೆ ಎರಡೇ ಲೀಟರ್. ನೀರೆಲ್ಲ ಪೇಪರ್ ಹೀರಬೇಕು, ತಳದಲ್ಲಿ ಉಳಿಯಬಾರದು. ಉಳಿದರೆ ಅಷ್ಟು ಮದ್ದು ಪೇಪರ್‌ಗೆ ಸೇರಲಿಲ್ಲ ಅಂತ ಅರ್ಥ. ಒಂದು ಗಂಟೆ ಮುಚ್ಚಿಡಿ. ಹಿಂಡಬೇಡಿ, ತುಳಿಯಬೇಡಿ. ಅವ್ವ ಮೊದಲ ದಿನ ರೂಢಿಯಂತೆ ಒನಕೆ ತಂದಿದ್ದಳು. ಪೇಪರ್ ನೆನೆಸಿ, ಮೆಂತ್ಯ ಹಾಕಿ ಕುಟ್ಟಿ ಬುಟ್ಟಿ ಮಾಡಿದ ಕೈ ಅದು. ಬುಟ್ಟಿಗೆ ಗಟ್ಟಿ ಮುದ್ದೆಯೇ ಬೇಕು. ಇಲ್ಲಿ ಮುದ್ದೆಯಾದರೆ ಗಾಳಿ ಹೋಯಿತು, ಗಾಳಿ ಹೋದರೆ ಕಾವು ತಡೆಯುವ ಗುಣವೂ ಹೋಯಿತು.

ಇನ್ನು ಒಣಗಿಸುವುದು. ಈ ಒಂದು ವಿಷಯದಲ್ಲಿ ನಮ್ಮ ಬಿಸಿಲು ನಮಗೆ ಆಳು. ಮಾಳಿಗೆ ಮೇಲೆ ತೆಳ್ಳಗೆ ಹರಡಿದರೆ ಏಪ್ರಿಲ್‌ನಲ್ಲಿ ಒಂದೇ ದಿನಕ್ಕೆ ಒಣಗುತ್ತದೆ. ನಡುವೆ ಎರಡು ಸಲ ಕೈಯಾಡಿಸಿ. ಗಾಳಿಗೆ ಹಾರದಂತೆ ಹಳೆಯ ಸೊಳ್ಳೆ ಪರದೆ ಹೊದಿಸಿ ಅಂಚಿಗೆ ಕಲ್ಲಿಡಿ. ಸಂಡಿಗೆ, ಶಾವಿಗೆ ಒಣಗಿಸುವ ಹೊತ್ತೂ ಇದೇ ಆದ್ದರಿಂದ ಎರಡನ್ನೂ ಒಂದೇ ಮಾಳಿಗೆ ಮೇಲೆ ಹಾಕಬೇಡಿ. ಒಣಗಿದೆಯಾ ಅಂತ ತಿಳಿಯಲು ತಕ್ಕಡಿ ಇದೆ: ಒಂದು ಕೆಜಿ ಪೇಪರ್ ಮದ್ದು ಕುಡಿದು ಒಣಗಿದ ಮೇಲೆ ಸುಮಾರು ಒಂದು ಕೆಜಿ 200 ಗ್ರಾಂ ತೂಗಬೇಕು. ಒಂದೂವರೆ ಕೆಜಿ ಇದ್ದರೆ ಇನ್ನೂ ಹಸಿ ಇದೆ.

ಒಣಗಿದ ಪಟ್ಟಿ ಹಪ್ಪಳದ ಹಾಗೆ ಗರಿಗರಿ ಆಗಿರುತ್ತದೆ. ಅದನ್ನು ಅರಳೆ ಮಾಡಲು 200 ಲೀಟರಿನ ಡ್ರಮ್ಮು, ಡ್ರಿಲ್ ಮಷೀನು, ಅದಕ್ಕೆ ಹಾಕುವ ಪೇಂಟ್ ಕಲಸುವ ಸಲಾಕೆ ಸಾಕು. ಒಂದು ಸಲಕ್ಕೆ ಒಂದು ಕೆಜಿ ಹಾಕಿ ಮೂರ್ನಾಲ್ಕು ನಿಮಿಷ ತಿರುಗಿಸಿ. ಮೊದಲು ಪಟ್ಟಿಗಳು ಸಲಾಕೆಗೆ ಸುತ್ತಿಕೊಳ್ಳುತ್ತವೆ, ಆಮೇಲೆ ತುಂಡಾಗುತ್ತವೆ. ಕೊನೆಗೆ ಡ್ರಮ್ಮಿನಲ್ಲಿ ಬೂದು ಬಣ್ಣದ ಮೋಡ ಉಬ್ಬುತ್ತಾ ಮೇಲೆ ಬರುತ್ತದೆ. ಮುಟ್ಟಿದರೆ ಹಿಂಜಿದ ಹತ್ತಿಯೇ. ದೂಳು ಬಹಳ ಏಳುತ್ತದೆ, ಡ್ರಮ್ಮಿನ ಬಾಯಿಗೆ ತಟ್ಟು (ಗೋಣಿ ಬಟ್ಟೆ) ಮುಚ್ಚಿ ನಡುವೆ ಸಲಾಕೆಗೆ ತೂತು ಬಿಡಿ. ಅಡುಗೆಮನೆ ಮಿಕ್ಸರ್ ಇದಕ್ಕೆ ಬಳಸಬೇಡಿ.

ಬೆಂಕಿ ಪರೀಕ್ಷೆ

ಪ್ರತಿ ದಿನ ಮಾಡಿದ ಸರಕಿನಿಂದ ಒಂದು ಬೊಗಸೆ ತೆಗೆದು ಬಯಲಿನಲ್ಲಿ ಫರ್ಸಿ ಮೇಲಿಟ್ಟು ಸುಟ್ಟು ನೋಡಿ. ಪಕ್ಕದಲ್ಲಿ ಬಕೆಟ್ ನೀರು ಇರಲಿ. ಲೈಟರನ್ನು ಹತ್ತು ಎಣಿಸುವವರೆಗೆ ಹಿಡಿಯಿರಿ. ಉರಿ ತಾಗಿದ ಜಾಗ ಕಪ್ಪಾಗಬೇಕು, ಪಕ್ಕಕ್ಕೆ ಹಬ್ಬಬಾರದು. ಲೈಟರ್ ತೆಗೆದ ಕೂಡಲೇ ಆರಬೇಕು. ಆಮೇಲೆ ಚಹಾ ಕುಡಿಯಲು ಹೋಗದೆ ಅರ್ಧ ಗಂಟೆ ಅಲ್ಲೇ ಇರಿ. ಕೆದಕಿ ನೋಡಿ. ಕೆಂಪು ಕಂಡರೆ, ಹೊಗೆ ಬಂದರೆ, ಆ ದಿನದ್ದೆಲ್ಲ ವಾಪಸ್ ಟಬ್ಬಿಗೆ. ಬೋರಿಕ್ ಪುಡಿ ಹೆಚ್ಚಿಗೆ ಹಾಕಿದ ಬಿಸಿ ನೀರು ಕೊಟ್ಟು ಮತ್ತೆ ಒಣಗಿಸಿ, ಮತ್ತೆ ಸುಟ್ಟು ನೋಡಿ.

ಪಾಸಾದ ಸರಕು ಕೂಡ ಮನೆಯಲ್ಲಿ ಮಾಡಿದ್ದು ಅನ್ನುವುದು ನೆನಪಿರಲಿ. ಅದಕ್ಕೆ ಕಾರ್ಖಾನೆಯ ಪರೀಕ್ಷೆ ಆಗಿರುವುದಿಲ್ಲ. ಅಡುಗೆಮನೆ, ದೇವರ ದೀಪ ಸದಾ ಉರಿಯುವ ಜಾಗ, ಹೊಗೆ ಕೊಳವೆ ಇರುವ ಖೋಲಿಗಳಿಗೆ ಇದನ್ನು ತುಂಬಬೇಡಿ.

ಮೇಲೆ ತುಂಬುವುದು

ಅರಳೆ ಕೂರಲು ಕೆಳಗೆ ಒಂದು ಫಾಲ್ಸ್ ಸೀಲಿಂಗ್ ಬೇಕು. ಜಿಪ್ಸಮ್ ಬೋರ್ಡ್ ಹಾಕಿಸಿ, ಬೆಂಕಿಗೆ ಸ್ವಲ್ಪ ಹೊತ್ತು ತಡೆಯುತ್ತದೆ. ಥರ್ಮಾಕೋಲ್ ಸೀಲಿಂಗ್, ಪಿವಿಸಿ ಪಟ್ಟಿ ಅಗ್ಗ, ಆದರೆ ಬೆಂಕಿ ತಾಗಿದರೆ ಮೊದಲು ಕರಗಿ ಬೀಳುವುದೇ ಅವು. ಅರಳೆಯ ಭಾರ ಚದರ ಅಡಿಗೆ ಅರ್ಧ ಕೆಜಿಯೂ ಇಲ್ಲ. ಮಿಸ್ತ್ರಿಗೆ ಇದನ್ನು ಮೊದಲೇ ಹೇಳಿ, ಚಾನಲ್‌ಗಳನ್ನು ಒಂದೂವರೆ ಅಡಿಗೊಂದು ಹಾಕಲಿ.

ಬೋರ್ಡಿಗೂ ಪತ್ರಾಸ್‌ಗೂ ನಡುವೆ ಕನಿಷ್ಠ ಆರು ಇಂಚು ಜಾಗ ಇರಲಿ. ನಾಲ್ಕು ಇಂಚು ಅರಳೆ, ಮೇಲೆ ಎರಡು ಇಂಚು ಖಾಲಿ. ಆ ಖಾಲಿ ಜಾಗದ ಎರಡೂ ತುದಿಗೆ ಗಾಳಿ ಕಿಂಡಿ ಬಿಟ್ಟು ಸಣ್ಣ ಜಾಲರಿ ಹೊಡೆಯಿರಿ. ಕಾದ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಚಳಿಗಾಲದ ರಾತ್ರಿ ಪತ್ರಾಸ್ ಒಳಮೈ ಬೆವರುತ್ತದೆ, ಆ ತೇವವೂ ಆರುತ್ತದೆ. ಬೀದರ್ ಕಡೆಯವರಿಗೆ ಚಳಿ ಜಾಸ್ತಿ, ಅವರು ಈ ಕಿಂಡಿ ಮರೆಯಲೇಬಾರದು. ಜಾಲರಿ ಇದ್ದರೆ ಇಲಿ, ಅಳಿಲು ಒಳಗೆ ಬರುವುದಿಲ್ಲ. ಗೆದ್ದಲು, ಜಿರಳೆ ಚಿಂತೆ ಕಡಿಮೆ, ಬೋರಿಕ್ ಅವಕ್ಕೆ ವಿಷ.

ವಯರಿಂಗ್ ಪೈಪಿನೊಳಗೇ ಇರಬೇಕು. ಅರಳೆಯೊಳಗೆ ಎಲ್ಲೂ ಜಾಯಿಂಟ್ ಬೇಡ. ಸೀಲಿಂಗ್ ಒಳಗೆ ಹುದುಗಿಸುವ ಲೈಟ್ ಹಾಕಿಸಬೇಡಿ, ಅದರ ಬಿಸಿ ಹೋಗಲು ದಾರಿ ಇರುವುದಿಲ್ಲ. ಗೋಡೆಗೆ ಟ್ಯೂಬ್‌ಲೈಟ್ ಸಾಕು. ಫ್ಯಾನಿನ ಕೊಂಡಿ ಪತ್ರಾಸ್ ಹೊತ್ತ ಕಬ್ಬಿಣದ ಪೈಪಿಗೇ ಇರಲಿ, ಬೋರ್ಡಿಗೆ ಅಲ್ಲ.

ಬೋರ್ಡ್ ಒಂದೊಂದು ಸಾಲು ಕೂರಿಸುತ್ತಾ ತೆರೆದ ಅಂಚಿನಿಂದ ಅರಳೆ ಹರಡುತ್ತಾ ಬನ್ನಿ. ಕೊನೆ ಸಾಲಿಗೆ ಕೈ ಹೋಗುವುದಿಲ್ಲ. ಬೆಳಿಗ್ಗೆ ಏಳಕ್ಕೆ, ಪತ್ರಾಸ್ ಕಾಯುವ ಮುಂಚೆ, ಮೇಲಿನ ಒಂದು ಹಾಳೆ ಬಿಚ್ಚಿ ಅಲ್ಲಿಂದ ಸುರಿಯಿರಿ. ದಪ್ಪ ಸರಿ ಇದೆಯಾ ಅಂತ ನೋಡಲು ಕಡ್ಡಿಗೆ ನಾಲ್ಕು ಇಂಚಿನಲ್ಲಿ ಗುರುತು ಹಾಕಿ ಚುಚ್ಚಿ ನೋಡಿ. ತೂಕದ ಲೆಕ್ಕವೂ ಇರಲಿ. ಪ್ರತಿ 10 ಚದರ ಅಡಿಗೆ ಮದ್ದು ಸೇರಿ 3.8 ಕೆಜಿ. ಅಷ್ಟು ತೂಕಕ್ಕೆ ನಾಲ್ಕು ಇಂಚು ಬರದೆ ಮೂರೇ ಬಂದರೆ ಸರಿಯಾಗಿ ಹಿಂಜಿಲ್ಲ ಅಂತ ಅರ್ಥ. ಕೈಯಿಂದ ಒತ್ತಿ ಸಮ ಮಾಡುವ ಆಸೆ ಆಗುತ್ತದೆ. ಒತ್ತಬೇಡಿ, ಬೆರಳಾಡಿಸಿ ಬಿಡಿ. ಮೂಲೆಗಳನ್ನು ಖಾಲಿ ಬಿಡಬೇಡಿ, ಒಂದು ಅಂಗೈ ಅಗಲ ಬಿಟ್ಟರೂ ಅಲ್ಲಿಂದ ಕಾವು ಇಳಿಯುತ್ತದೆ.

ಆಮೇಲೆ

ಮೊದಲ ವಾರ ತಮ್ಮ ರಾತ್ರಿ ಸೆಕೆ ಅಂತ ಗೊಣಗಿದ. ಮೊದಲು ಸಂಜೆ ಪತ್ರಾಸ್ ಆರಿದ ಕೂಡಲೇ ಖೋಲಿಯೂ ಆರುತ್ತಿತ್ತು, ಈಗ ಗೋಡೆಯಿಂದ ಬಂದ ಕಾವು ಮೇಲೆ ಹೋಗಲು ದಾರಿ ಇಲ್ಲ. ಅದಕ್ಕೆ ಸಂಜೆ ಏಳರಿಂದ ಕಿಟಕಿ ತೆರೆದಿಡುತ್ತೇವೆ, ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಪರದೆ ಎಳೆಯುತ್ತೇವೆ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ತಟ್ಟು ಇಳಿಬಿಟ್ಟಿದ್ದೇವೆ. ಈಗ ಮಧ್ಯಾಹ್ನವೂ ಅಲ್ಲೇ ಕೂತು ಓದುತ್ತಾನೆ.

ಅರಳೆ ಮೊದಲ ವರ್ಷ ತನ್ನ ಭಾರಕ್ಕೇ ತಗ್ಗುತ್ತದೆ. ನಾಲ್ಕು ಇಂಚು ಹಾಕಿದ್ದು ಮೂರೂವರೆ ಹತ್ತಿರ ಬಂತು. ಆರೇಳು ಕೆಜಿ ಮಾಡಿ ಎತ್ತಿಟ್ಟಿದ್ದರೆ ಮುಂದಿನ ಮಾರ್ಚ್‌ನಲ್ಲಿ ಮೇಲಿನಿಂದ ತುಂಬಬಹುದು. ಜೂನ್‌ನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಟಾರ್ಚ್ ಹಿಡಿದು ಗಾಳಿ ಕಿಂಡಿಯ ಜಾಲರಿ ತೆಗೆದು ಒಳಗೆ ನೋಡಿ. ಬೂದು ಅರಳೆಯ ನಡುವೆ ಕಪ್ಪಗೆ ಕುಗ್ಗಿದ ಜಾಗ ಕಂಡರೆ ಅದರ ನೇರಕ್ಕೆ ಮೇಲೆ ಸೋರುತ್ತಿದೆ. ಮೊದಲು ಅಲ್ಲಿನ ವಾಷರ್ ಬದಲಿಸಿ. ಒದ್ದೆಯಾದ ಅರಳೆಯನ್ನು ತೆಗೆದು ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಮತ್ತೆ ಒಂದು ಬೊಗಸೆ ಸುಟ್ಟು ನೋಡಿ. ನೀರಿನ ಜೊತೆ ಮದ್ದು ಹರಿದುಹೋಗಿರಬಹುದು, ಹಾಗಾಗಿ ಪರೀಕ್ಷೆ ಮಾಡದೆ ಅದನ್ನು ವಾಪಸ್ ತುಂಬಬೇಡಿ.